ಪಟ್ಟಿಗರಗಸದ ಸಹವಾಸ

ಕನ್ನಡದ 'ಗರಗಸ' ಸಂಸ್ಕೃತದ 'ಕ್ರಕಚ'ದ ತದ್ಭವವೆಂದು ಬಲ್ಲವರು ಹೇಳುತ್ತಾರೆ. ಎರಡು ಮಾತುಗಳನ್ನೂ ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿದವರಿಗೆ ಬೇರೆ ಪ್ರಮಾಣವೇ ಬೇಡವೆನಿಸುತ್ತದೆ. ಹಲ್ಲು ದಿಮ್ಮಿಯನ್ನು ಕಚ್ಚುವ ಸದ್ದೇ ಎರಡರಲ್ಲಿಯೂ ಪದವಾಗಿ ನಿಂತಂತಿದೆ. ಆದರೆ ಅದು ಮರ ಕೊಯ್ಯುವ ಗರಗಸದ ಸದ್ದು. ಕಬ್ಬಿಣ ಕೊಯ್ಯುವ ಗರಗಸ, ಅದರಲ್ಲಿಯೂ ವಿದ್ಯುಚ್ಛಕ್ತಿಯಿಂದ ನಡೆಯುವ ಪಟ್ಟಿಗರಗಸ, ಹೀಗೆ ಗರಗರ ಎನ್ನುವುದಿಲ್ಲ. ಎಲ್ಲವೂ ಸರಿಯಾಗಿದ್ದಾಗ ಅದು ದೂರದ ಕೋಣೆಯಲ್ಲಿ ಯಾರೋ ರಾಗಿ ಬೀಸುತ್ತಿರುವಂತೆ ಒಂದೇ ಶ್ರುತಿಯಲ್ಲಿ ಗುನುಗುತ್ತದೆ. ಈ ಗುನುಗನ್ನು ಮೂರು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಇದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು. ಸಾಹಿತ್ಯದ ಪುಟದಲ್ಲಿ ಗರಗಸಕ್ಕೇನು ಕೆಲಸವೆಂದು ಕೇಳುವವರು ಇರಬಹುದು. ಅಳತೆ ನೋಡುವುದು, ಬೇಡದ್ದನ್ನು ಕೊಯ್ದು ಬಿಸಾಡುವುದು, ಉಳಿದದ್ದರ ಅಂಚನ್ನು ಒಪ್ಪಮಾಡುವುದು ಇವು ಬರಹಗಾರನಿಗೂ ಬೇಕಾದ ಕಸುಬುಗಳೇ ಎಂದಷ್ಟೇ ಅವರಿಗೆ ನನ್ನ ಉತ್ತರ.

ಸಂದರ್ಭವನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ಮೇಲೆ, ಬೆಂಗಳೂರಿನ ನಮ್ಮ ಮನೆಯ ಹಿತ್ತಿಲಲ್ಲಿದ್ದ ಸೌದೆಮನೆಯನ್ನು ಸಣ್ಣದೊಂದು ಕಾರ್ಯಾಗಾರವಾಗಿ ಮಾಡಿಕೊಂಡೆ. ಹತ್ತಡಿ ಉದ್ದ, ಏಳಡಿ ಅಗಲ. ಒಂದು ಮೇಜು, ಒಂದು ವೈಸು, ಹತ್ತಾರು ಅರಗಳು, ಹಳೆಯದೊಂದು ತೂತು ಕೊರೆಯುವ ಯಂತ್ರ. ಇಲ್ಲಿ ನಡೆಯುವುದು ಬಹುಮಟ್ಟಿಗೆ ಒಂದೇ ಕೆಲಸ. ಬಾಗಿಲ ಮೇಲೆ 'ಪ್ರಯೋಗಶಾಲೆ' ಎಂಬ ಫಲಕವಿದ್ದೂ ಒಳಗೆ ಉಪಕರಣಗಳಿಲ್ಲದ ಹಳ್ಳಿಯ ಪ್ರೌಢಶಾಲೆಗಳು ನಮ್ಮಲ್ಲಿ ಇವೆ. ಅಂಥ ಎರಡು ಮೂರು ಶಾಲೆಗಳಿಗೆ, ಲೋಲಕವನ್ನು ತೂಗುಹಾಕುವ, ಬುರೆಟ್ಟನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡುಗಳನ್ನು ಮಾಡಿಕೊಡುತ್ತೇನೆ. ಕೆಳಗೆ 160 ಮಿಲಿಮೀಟರು ಉದ್ದ, 100 ಮಿಲಿಮೀಟರು ಅಗಲ, 10 ಮಿಲಿಮೀಟರು ದಪ್ಪದ ಪೀಠ. ಅದರಲ್ಲಿ ನೆಟ್ಟ 12 ಮಿಲಿಮೀಟರು ದಪ್ಪದ ಒಂದು ಸಲಾಕೆ. ಇದಕ್ಕಿಂತ ಸರಳವಾದ ಉಪಕರಣ ಇರಲಾರದು. ಆದರೆ ಸಲಾಕೆಯ ಬುಡವನ್ನು ಓರೆಯಾಗಿ ಕೊಯ್ದಿದ್ದರೆ ಅದು ಪೀಠದ ಮೇಲೆ ನೇರವಾಗಿ ಕೂರದು, ಸ್ಟ್ಯಾಂಡು ವಾಲುತ್ತದೆ. ವಾಲಿದ ಸ್ಟ್ಯಾಂಡಿನ ಮುಂದೆ ನಿಂತ ಹುಡುಗನಿಗೆ 'ಲಂಬ' ಎಂಬ ಮಾತಿನ ಅರ್ಥವನ್ನು ಹೇಗೆ ತಾನೆ ಹೇಳಿಕೊಡುವುದು?

ಕೈಯ ಲೆಕ್ಕ

ಮೊದಮೊದಲು ಇದೆಲ್ಲವೂ ಕೈಗರಗಸದಿಂದಲೇ ನಡೆಯುತ್ತಿತ್ತು. ಕೈಗರಗಸವನ್ನು ನಾನು ಹಳಿಯುವವನಲ್ಲ. ಅದರಷ್ಟು ಪ್ರಾಮಾಣಿಕವಾದ ಉಪಕರಣ ಮತ್ತೊಂದಿಲ್ಲ. ನಿಮಿಷಕ್ಕೆ ನಲವತ್ತು ಐವತ್ತು ಸಲ, ಅಲಗಿನ ಪೂರ್ತಿ ಉದ್ದವನ್ನೂ ಬಳಸಿ, ಮುಂದೆ ಹೋಗುವಾಗ ಒತ್ತಿ, ಹಿಂದೆ ಬರುವಾಗ ಹಗುರ ಮಾಡಿ ಎಳೆಯಬೇಕು. ಅವಸರ ಮಾಡಿದರೆ ಹಲ್ಲು ಸವೆಯುತ್ತದೆ, ಕೆಲಸ ಸಾಗುವುದಿಲ್ಲ. ಆದರೆ ಅದರ ನಡೆಯಲ್ಲಿಯೇ ಒಂದು ನಷ್ಟವುಂಟು: ಕೊಯ್ಯುವುದು ಮುಂದಿನ ನಡೆಯಲ್ಲಿ ಮಾತ್ರ, ಹಿಂದಿನ ನಡೆ ಬರಿಯ ಪ್ರಯಾಣ. ಅರ್ಧ ಶ್ರಮ ವ್ಯರ್ಥ. ಒಂದು ಡಜನ್ ಪೀಠಗಳನ್ನು ಕೊಯ್ದ ದಿನ ಇದು ಭುಜಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಇಪ್ಪತ್ತೈದರ ಭುಜ ಇದನ್ನು ಮಾರನೆಯ ದಿನಕ್ಕೆ ಮರೆಯುತ್ತದೆ. ಅರವತ್ತೈದರ ಭುಜ ವಾರಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ.

ಇದಕ್ಕೆ ಪರಿಹಾರವಾಗಿ ಸಾಮಾನ್ಯವಾಗಿ ಜನ ಕೊಳ್ಳುವುದು ಉಜ್ಜುಚಕ್ರದ ಯಂತ್ರವನ್ನು. ಬೀದಿಬೀದಿಯ ಗ್ರಿಲ್ ಅಂಗಡಿಗಳಲ್ಲಿ ಕಿಡಿಯ ಬಾಲವನ್ನು ಹಾರಿಸುತ್ತ ಕಬ್ಬಿಣವನ್ನು ಕೊಯ್ಯುವುದು ಅದೇ. ಅದು ಕೊಯ್ಯುತ್ತದೆ ಎನ್ನುವುದಕ್ಕಿಂತ ಸುಟ್ಟು ಸವೆಸುತ್ತದೆ ಎನ್ನುವುದು ಹೆಚ್ಚು ಸರಿ. ವೇಗವೇನೋ ಉಂಟು. ಆದರೆ ಅದರ ಕಿಡಿ ಸೌದೆಮನೆಗೆ ಒಳ್ಳೆಯದಲ್ಲ, ದೂಳು ಎದೆಗೆ ಒಳ್ಳೆಯದಲ್ಲ, ಕಿರಿಚಾಟ ನೆರೆಹೊರೆಯ ಸ್ನೇಹಕ್ಕೆ ಒಳ್ಳೆಯದಲ್ಲ. ಹೀಗೆ ಯೋಚಿಸುತ್ತ ಕೊನೆಗೆ ಬಂದು ನಿಂತದ್ದು ಅಗ್ಗದ ಪಟ್ಟಿಗರಗಸದ ಮುಂದೆ.

ಕೊನೆಯಿಲ್ಲದ ಅಲಗು

ಗರಗಸದ ಅಲಗಿನ ಎರಡು ಕೊನೆಗಳನ್ನೂ ಕೂಡಿಸಿ ಬಳೆಯಂತೆ ಮಾಡಿ, ಎರಡು ಗಾಲಿಗಳ ಮೇಲೆ ಓಡಿಸಿದರೆ ಹಿಂದೆ ಬರುವ ಪ್ರಯಾಣವೇ ಇಲ್ಲದಂತಾಗುತ್ತದೆ. ಈ ಆಲೋಚನೆ ಹಳೆಯದು. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬಾತ 1808ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದನು. ಆದರೆ ಆಲೋಚನೆ ಇದ್ದರೇನು? ಅಲಗನ್ನು ಬೆಸೆದ ಜಾಗ ಗಾಲಿಯ ಮೇಲೆ ಬಾಗಿ ಬಾಗಿ ಮತ್ತೆ ಮತ್ತೆ ಮುರಿಯುತ್ತಿತ್ತು. ಇಡೀ ಯಂತ್ರ ಒಂದು ಬೆಸುಗೆಗಾಗಿ ಸುಮಾರು ನಲವತ್ತು ವರ್ಷ ಕಾಯಬೇಕಾಯಿತು. 1846ರಲ್ಲಿ ಫ್ರಾನ್ಸಿನ ಆನ್ ಪೋಲಾನ್ ಕ್ರೇಪಾನ್ ಎಂಬ ಮಹಿಳೆ ಬಾಳಿಕೆ ಬರುವಂತೆ ಅಲಗನ್ನು ಬೆಸೆಯುವ ಕ್ರಮಕ್ಕೆ ಪೇಟೆಂಟ್ ಪಡೆದಳು. ಪ್ಯಾರಿಸಿನ ಪೆರಾನ್ ಎಂಬವರ ಸಂಸ್ಥೆ ಆ ಹಕ್ಕನ್ನು ಕೊಂಡು ಯಂತ್ರವನ್ನು ಬಳಕೆಗೆ ತಂದಿತು. ಅಲ್ಲಿಂದ ಮರದ ಮಿಲ್ಲುಗಳಲ್ಲಿ ಪಟ್ಟಿಗರಗಸ ಮನೆಮಾತಾಯಿತು. ಲೋಹಕ್ಕೆ ಇದನ್ನು ಒಗ್ಗಿಸಿದ್ದು ಇನ್ನೂ ತಡವಾಗಿ. ಅಮೆರಿಕದ ಲೇಟನ್ ವಿಲ್ಕಿ 1933ರಲ್ಲಿ ರೂಪಿಸಿದ ಯಂತ್ರದಿಂದ ಆ ಶಾಖೆ ಬೆಳೆಯಿತೆಂದು ಹೇಳುವುದು ವಾಡಿಕೆ.

ನನ್ನಲ್ಲಿರುವುದು ಆ ವಂಶದ ಬಡ ನೆಂಟ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ತೈವಾನಿನಲ್ಲಿ, ಅನಂತರ ಚೀನದಲ್ಲಿ ಲಕ್ಷೋಪಲಕ್ಷವಾಗಿ ತಯಾರಾದ, ಹತ್ತಾರು ಹೆಸರು ಹತ್ತಾರು ಬಣ್ಣಗಳಲ್ಲಿ ಲೋಕವೆಲ್ಲ ಮಾರಾಟವಾಗುವ ಒಂದೇ ಮಾದರಿಯ ಯಂತ್ರ. ನಾಲ್ಕೂವರೆ ಅಂಗುಲ ದಪ್ಪದ ದುಂಡು ಸಲಾಕೆಯನ್ನು, ಇಲ್ಲವೆ ಆರಂಗುಲ ಅಗಲ ನಾಲ್ಕಂಗುಲ ಎತ್ತರದ ತುಂಡನ್ನು ಕೊಯ್ಯಬಲ್ಲುದು. ಅರ್ಧ ಅಶ್ವಶಕ್ತಿಯ ಮೋಟಾರು. ಅಲಗಿನ ಸುತ್ತಳತೆ 64½ ಅಂಗುಲ, ಎಂದರೆ 1638 ಮಿಲಿಮೀಟರು. ಅಗಲ ಅರ್ಧ ಅಂಗುಲ. ದಪ್ಪ ಒಂದು ಮಿಲಿಮೀಟರಿನ ಮೂರನೆಯ ಎರಡು ಪಾಲಿನಷ್ಟು. ಇಡೀ ಯಂತ್ರ ಸುಮಾರು ಅರವತ್ತು ಕಿಲೋ ತೂಗುತ್ತದೆ. ನನ್ನ ಒಂದು ತಿಂಗಳ ಪಿಂಚಣಿಯೊಳಗೆ ಬಂದಿತು ಎಂದರೆ ಅದರ ಅಗ್ಗ ಎಷ್ಟೆಂಬುದು ವಾಚಕರಿಗೆ ಅರ್ಥವಾದೀತು.

ಅರ್ಧ ಯಂತ್ರ

ಅಗ್ಗದ ಯಂತ್ರವನ್ನು ಕೊಳ್ಳುವವನು ಒಂದು ಸಂಗತಿಯನ್ನು ತಿಳಿದಿರಬೇಕು: ಪೆಟ್ಟಿಗೆಯಲ್ಲಿ ಬರುವುದು ಯಂತ್ರವಲ್ಲ, ಅರ್ಧ ಯಂತ್ರ. ಉಳಿದರ್ಧವನ್ನು ಕೊಂಡವನೇ ಮಾಡಬೇಕು. ನನ್ನ ಯಂತ್ರದ ಗೇರಿನ ಪೆಟ್ಟಿಗೆಯನ್ನು ತೆರೆದಾಗ ತಳದಲ್ಲಿ ಎರಕದ ಮರಳು ಇತ್ತು. ಎಣ್ಣೆ ಇರಬೇಕಾದಷ್ಟು ಇರಲಿಲ್ಲ. ಎರಕದ ಅಂಚುಗಳು ಕೈ ಕೊಯ್ಯುವಷ್ಟು ಒರಟಾಗಿದ್ದುವು. ರಾಟೆಯನ್ನು ಅಚ್ಚಿಗೆ ಬಿಗಿಯುವ ಸಣ್ಣ ಸ್ಕ್ರೂ ಅರೆಬರೆ ತಿರುಗಿತ್ತು. ತಗಡಿನ ಕಾಲುಗಳು, ಅರವತ್ತು ಕಿಲೋ ಹೊರಬೇಕಾದ ಕಾಲುಗಳು, ಮುಟ್ಟಿದರೆ ನಡುಗುತ್ತಿದ್ದುವು. ಮಾರಿದ ಅಂಗಡಿಯವರಿಗೆ ದೂರು ಹೇಳಿದರೆ, "ಈ ಬೆಲೆಗೆ ಇಷ್ಟೇ ಸ್ವಾಮಿ" ಎಂಬ ಉತ್ತರ ಬಂದಿತು. ಅದು ಸಭ್ಯವಾದ ಉತ್ತರವಲ್ಲ, ಆದರೆ ಸುಳ್ಳಾದ ಉತ್ತರವೂ ಅಲ್ಲ.

ಆದುದರಿಂದ ಮೊದಲ ಒಂದು ವಾರ ಕೊಯ್ಯುವ ಮಾತೇ ಇಲ್ಲ. ಗೇರನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ತುಂಬಿದ್ದಾಯಿತು. ಅಂಚುಗಳನ್ನೆಲ್ಲ ಅರದಿಂದ ತೀಡಿದ್ದಾಯಿತು. ತಗಡಿನ ಕಾಲಿಗೆ ಬದಲಾಗಿ ಹಲಸಿನ ಮರದ ಗಟ್ಟಿ ಪೀಠವೊಂದನ್ನು ಬಡಗಿಯಿಂದ ಮಾಡಿಸಿದೆ. ವಿದ್ಯುತ್ತಿನ ತಂತಿಗೆ ಭೂಸಂಪರ್ಕ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಬೆಲ್ಟಿನ ಮುಚ್ಚಳವನ್ನು ಭದ್ರವಾಗಿ ಕೂರಿಸಿದೆ. ಆ ಮೇಲೆ ಅಲಗಿನ ದಾರಿಯನ್ನು ತಿದ್ದುವ ಕೆಲಸ. ಈ ಯಂತ್ರದ ಜೀವ ಇರುವುದು ಇಲ್ಲಿ.

ಅಲಗು ಎರಡು ಗಾಲಿಗಳ ಮೇಲೆ ಮಲಗಿ ಓಡುತ್ತದೆ; ಆದರೆ ಕೊಯ್ಯುವ ಜಾಗದಲ್ಲಿ ಹಲ್ಲು ನೇರ ಕೆಳಮುಖವಾಗಿ ನಿಲ್ಲಬೇಕು. ಅದಕ್ಕಾಗಿ ಅಲಗನ್ನು ತಿರುಚುವ ಎರಡು ಮಾರ್ಗದರ್ಶಿಗಳಿವೆ. ಒಂದೊಂದರಲ್ಲಿಯೂ ಮೂರು ಬೇರಿಂಗುಗಳು: ಎರಡು ಅಲಗನ್ನು ಅಕ್ಕಪಕ್ಕದಿಂದ ಹಿಡಿಯುತ್ತವೆ, ಮೂರನೆಯದು ಬೆನ್ನಿಗೆ ಆಧಾರವಾಗಿ ನಿಲ್ಲುತ್ತದೆ. ಪಕ್ಕದ ಬೇರಿಂಗುಗಳಲ್ಲಿ ಒಂದರ ಅಚ್ಚು ನಡುತಪ್ಪಿದ ಅಚ್ಚು; ಅದನ್ನು ತಿರುಗಿಸಿ ಎಡೆಯನ್ನು ಹೆಚ್ಚು ಕಡಿಮೆ ಮಾಡಬಹುದು. ಅಲಗು ಅಲ್ಲಾಡಬಾರದು, ಉಸಿರು ಕಟ್ಟಲೂಬಾರದು. ಹಿಂದಿನ ಗಾಲಿಯನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಅಲಗು ಗಾಲಿಯ ಮೇಲೆ ಅತ್ತಿತ್ತ ಸರಿಯುತ್ತದೆ. ಅಲಗಿನ ಬೆನ್ನು ಗಾಲಿಯ ಏಣಿಗೆ ಹತ್ತಿರವಾಗಿ ಓಡಬೇಕೇ ಹೊರತು ಅದಕ್ಕೆ ಬಲವಾಗಿ ಉಜ್ಜಬಾರದು; ಉಜ್ಜಿದರೆ ಬೆನ್ನು ಬಿರುಸಾಗಿ, ಬಿರುಕು ಬಿಟ್ಟು, ಒಂದು ದಿನ ಫಟ್ಟೆಂದು ಹರಿಯುತ್ತದೆ.

ಕೊಯ್ತ ಓರೆಯಾದಾಗ ಯಂತ್ರವನ್ನು ಬಯ್ಯುವವರು ಬಹಳ. ಯಾವ ಓರೆ ಎಂದು ಕೇಳುವವರು ಕಡಿಮೆ. ಓರೆ ಎರಡು ಬಗೆಯದು. ಮೇಲಿನಿಂದ ನೋಡಿದಾಗ ಕೊಯ್ತ ಓರೆಯಾಗಿದ್ದರೆ ದೋಷ ವೈಸಿನದು: ಅದರ ಸ್ಥಿರವಾದ ದವಡೆ ಅಲಗಿಗೆ ಲಂಬವಾಗಿಲ್ಲ. ನಿಂತ ನಿಲುವಿನಲ್ಲಿ ಓರೆಯಾಗಿದ್ದರೆ ದೋಷ ಅಲಗಿನದು: ಮಾರ್ಗದರ್ಶಿ ಅದನ್ನು ಸರಿಯಾಗಿ ತಿರುಚಿಲ್ಲ, ಇಲ್ಲವೆ ಅಲಗು ಸಡಿಲವಾಗಿದೆ, ಇಲ್ಲವೆ ಒಂದು ಪಕ್ಕದ ಹಲ್ಲು ಮೊಂಡಾಗಿದೆ, ಇಲ್ಲವೆ ಮೇಲಿನ ಭಾರ ಅತಿಯಾಗಿದೆ. ಒಂದು ಮೂಲೆಮಟ್ಟವಿದ್ದರೆ ಇಷ್ಟನ್ನೂ ಹತ್ತು ನಿಮಿಷದಲ್ಲಿ ಕಂಡುಹಿಡಿಯಬಹುದು. ಮಾರ್ಗದರ್ಶಿಗಳು ಕೊಯ್ಯುವ ತುಂಡಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ದೂರವಾದಷ್ಟೂ ನಡುವಿನ ಅಲಗು ಸೊಂಟ ಬಳುಕಿಸುತ್ತದೆ. ಅಲಗನ್ನು ಬಿಗಿಯುವಾಗ ನಾನು ಬೆರಳಿನಿಂದ ಮೀಟಿ ನೋಡುತ್ತೇನೆ. ವೀಣೆಯ ಮಂದ್ರದ ತಂತಿಯಂತೆ ಝೇಂಕರಿಸಿದರೆ ಬಿಗಿ ಸಾಕು. ಸಡಿಲ ಹಗ್ಗದಂತೆ ದಪ್ಪೆಂದರೆ ಸಾಲದು. ಕರ್ಷಣದ ಸೂತ್ರವನ್ನು ಕರಿಹಲಗೆಯ ಮೇಲೆ ಸಾವಿರ ಸಲ ಬರೆದಿರಬಹುದು. ಬೆರಳ ತುದಿಯಲ್ಲಿ ಅದು ಮಾತನಾಡುವ ರೀತಿಯೇ ಬೇರೆ.

ಮೂರು ಹಲ್ಲಿನ ನಿಯಮ

ನನ್ನ ಅಲಗಿನಲ್ಲಿ ಅಂಗುಲಕ್ಕೆ 14 ಹಲ್ಲು. ಸುತ್ತಳತೆಯಿಂದ ಗುಣಿಸಿದರೆ ಒಟ್ಟು 903 ಹಲ್ಲುಗಳಾಗುತ್ತವೆ. ಬೆಲ್ಟನ್ನು ಬೇರೆ ಬೇರೆ ರಾಟೆಗಳಿಗೆ ಹಾಕಿ ಮೂರು ವೇಗಗಳನ್ನು ಪಡೆಯಬಹುದು: ನಿಮಿಷಕ್ಕೆ ಸುಮಾರು 20, 29, 50 ಮೀಟರು. ಅಮೆರಿಕದವರ ಕೈಪಿಡಿಯಲ್ಲಿ ಇದಕ್ಕಿಂತ ಹೆಚ್ಚಿನ ಅಂಕಿಗಳು ಕಾಣುತ್ತವೆ. ಅದಕ್ಕೆ ಕಾರಣ ಯಂತ್ರವಲ್ಲ, ವಿದ್ಯುತ್ತು. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ 60 ಆವರ್ತದ್ದು, ನಮ್ಮದು 50ರದ್ದು. ಅಲ್ಲಿ ನಿಮಿಷಕ್ಕೆ 1725 ಸುತ್ತುವ ಮೋಟಾರಿನ ಜಾತಿಯದು ಇಲ್ಲಿ 1440ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಟ್ಟಿ ಉಕ್ಕಿಗೆ ಕೆಳಗಿನ ವೇಗ, ಸಾಧಾರಣ ಉಕ್ಕಿಗೆ ನಡುವಿನದು, ಅಲ್ಯೂಮಿನಿಯಂ ಮತ್ತು ಮೆದು ಹಿತ್ತಾಳೆಗೆ ಮೇಲಿನದು. ಲೋಹ ಕಠಿಣವಾದಷ್ಟೂ ನಡೆ ನಿಧಾನವಾಗಬೇಕೆಂಬುದು ಮೊದಲು ವಿಚಿತ್ರವೆನಿಸುತ್ತದೆ. ಆದರೆ ವೇಗ ಹೆಚ್ಚಿದರೆ ಹೆಚ್ಚುವುದು ಕೊಯ್ತವಲ್ಲ, ಶಾಖ. ಶಾಖ ಹಲ್ಲನ್ನು ತಿನ್ನುತ್ತದೆ.

ನಡುವಿನ ವೇಗದಲ್ಲಿ ಅಲಗು ನಿಮಿಷಕ್ಕೆ ಹದಿನೇಳು ಹದಿನೆಂಟು ಸುತ್ತು ಬರುತ್ತದೆ. ಎಂದರೆ ಸುಮಾರು ಹದಿನಾರು ಸಾವಿರ ಹಲ್ಲುಗಳು ಒಂದರ ಹಿಂದೊಂದು ಲೋಹದ ಮೇಲೆ ಹಾದುಹೋಗುತ್ತವೆ. 50 ಮಿಲಿಮೀಟರು ದಪ್ಪದ ಉಕ್ಕಿನ ಸಲಾಕೆಯನ್ನು ನನ್ನ ಯಂತ್ರ ನಾಲ್ಕು ನಿಮಿಷದ ಸುಮಾರಿಗೆ ಕೊಯ್ದು ಮುಗಿಸುತ್ತದೆ. ಲೆಕ್ಕ ಹಾಕಿ ನೋಡಿದರೆ, ಒಂದೊಂದು ಹಲ್ಲೂ ಒಂದು ಸಲಕ್ಕೆ ಇಳಿಯುವ ಆಳ ಸರಾಸರಿಯಲ್ಲಿ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಜೊತೆಗೆ ಯಾವ ಹಲ್ಲೂ ತನ್ನ ದಾರಿಯ ನೂರರಲ್ಲಿ ಮೂರು ಪಾಲಿಗಿಂತ ಹೆಚ್ಚು ಹೊತ್ತು ಲೋಹದಲ್ಲಿ ಇರುವುದಿಲ್ಲ. ಉಳಿದ ದಾರಿಯೆಲ್ಲ ಗಾಳಿಯಲ್ಲಿ ತಣಿಯುತ್ತ ಬರುತ್ತದೆ. ಅರ್ಧ ಅಶ್ವಶಕ್ತಿಯ ಬಡ ಮೋಟಾರು ಮುಂಗೈ ದಪ್ಪದ ಉಕ್ಕನ್ನು ಕೊಯ್ಯುವ ರಹಸ್ಯ ಇಷ್ಟೇ. ಬಲ ದೊಡ್ಡದಲ್ಲ, ಸರತಿ ದೊಡ್ಡದು.

ಈ ಸರತಿ ಕೆಡದಿರಬೇಕಾದರೆ ಒಂದು ನಿಯಮವನ್ನು ಪಾಲಿಸಬೇಕು: ಯಾವ ಗಳಿಗೆಯಲ್ಲಿಯೂ ಕನಿಷ್ಠ ಮೂರು ಹಲ್ಲು ಲೋಹದ ಮೇಲೆ ಇರಬೇಕು. ಒಂದೇ ಹಲ್ಲು ಇದ್ದರೆ ತೆಳುವಾದ ತಗಡು ಎರಡು ಹಲ್ಲುಗಳ ನಡುವಣ ಸಂದಿಗೆ ಇಳಿದು, ಹಿಂದಿನಿಂದ ಬಂದ ಹಲ್ಲನ್ನು ಮುರಿಯುತ್ತದೆ. ಅದರ ಪಾಡು ನೆರೆಯ ಹಲ್ಲಿಗೂ ಬರುತ್ತದೆ. ಹೀಗೆ ಸಾಲಿಗೆ ಸಾಲೇ ಬೋಳಾಗುತ್ತದೆ. ಅಂಗುಲಕ್ಕೆ 14 ಹಲ್ಲಿನ ಅಲಗಿನಲ್ಲಿ ಮೂರು ಹಲ್ಲಿಗೆ ಸುಮಾರು ಐದೂವರೆ ಮಿಲಿಮೀಟರು ಬೇಕು. ಅದಕ್ಕಿಂತ ತೆಳುವಾದ ಕೊಳವೆ, ತಗಡುಗಳಿಗೆ 24 ಹಲ್ಲಿನ ಅಲಗು ಬೇಕು. ಅದರಲ್ಲಿ ಮೂರು ಮಿಲಿಮೀಟರು ಚಿಲ್ಲರೆ ದಪ್ಪವಿದ್ದರೂ ಸಾಕು. ತುಂಡನ್ನು ಇಡುವ ಬಗೆಯೂ ಮುಖ್ಯ. ನನ್ನ ಪೀಠದ ಪಟ್ಟಿಯನ್ನು ಮಲಗಿಸಿ ಇಟ್ಟರೆ 55 ಹಲ್ಲು ಒಮ್ಮೆಲೇ ಅದರ ಮೇಲೆ ಕೂರುತ್ತವೆ. ಇರುವ ಅಲ್ಪ ಭಾರ ಎಲ್ಲಕ್ಕೂ ಹಂಚಿಹೋಗಿ ಯಾವುದೂ ಕಚ್ಚುವುದಿಲ್ಲ, ಎಲ್ಲವೂ ಉಜ್ಜುತ್ತವೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿದರೆ ಐದಾರು ಹಲ್ಲು ಮಾತ್ರ ಕೆಲಸದಲ್ಲಿರುತ್ತವೆ, ಕೊಯ್ತ ಸಲೀಸಾಗುತ್ತದೆ. ಮೂಲೆಪಟ್ಟಿಯನ್ನಾದರೋ ಮನೆಯ ಮಾಡಿನಂತೆ ಕವುಚಿ, ಎರಡು ಇಳಿಜಾರುಗಳೂ ಸಮನಾಗಿ ಅಲಗಿಗೆ ಸಿಕ್ಕುವಂತೆ ಇಡಬೇಕು.

ಗರಗಸಕ್ಕೂ ಅದರ ಪಾಲು ಸಲ್ಲಬೇಕೆಂಬುದನ್ನು ಮರೆಯಬಾರದು. ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಬಾಗಿಸಿರುತ್ತಾರೆ. ಇಲ್ಲದಿದ್ದರೆ ಅಲಗು ತಾನು ಮಾಡಿದ ಸೀಳಿನಲ್ಲಿ ತಾನೇ ಸಿಕ್ಕಿಬೀಳುತ್ತದೆ. ಹೀಗಾಗಿ ಸೀಳಿನ ಅಗಲ ಅಲಗಿನ ದಪ್ಪಕ್ಕಿಂತ ಹೆಚ್ಚು, ಒಂದು ಮಿಲಿಮೀಟರಿನ ಹತ್ತಿರ. ಆರು ಮೀಟರಿನ ಸಲಾಕೆಯಿಂದ 600 ಮಿಲಿಮೀಟರಿನ ತುಂಡುಗಳು ಎಷ್ಟು ಎಂದು ಶಾಲೆಯ ಹುಡುಗನನ್ನು ಕೇಳಿ. ಹತ್ತು ಎನ್ನುತ್ತಾನೆ, ಗಣಿತದ ಪುಸ್ತಕವೂ ಹತ್ತು ಎನ್ನುತ್ತದೆ. ಗರಗಸ ಒಂಬತ್ತು ಎನ್ನುತ್ತದೆ. ಒಂಬತ್ತು ಸೀಳುಗಳು ಒಂಬತ್ತು ಮಿಲಿಮೀಟರನ್ನು ತಿಂದು, ಹತ್ತನೆಯ ತುಂಡು 591ಕ್ಕೆ ನಿಲ್ಲುತ್ತದೆ. ನನ್ನ ಸ್ಟ್ಯಾಂಡುಗಳ ಎತ್ತರವನ್ನು 600ಕ್ಕೆ ಬದಲು 598 ಎಂದು ಗೊತ್ತುಮಾಡಿಕೊಂಡಿರುವುದು ಈ ಕಾರಣದಿಂದ. ಈಗ ಸಲಾಕೆಗೆ ಹತ್ತು ಸ್ಟ್ಯಾಂಡು ಲೆಕ್ಕಕ್ಕೆ ಸಿಕ್ಕುತ್ತವೆ. ಲೋಲಕಕ್ಕೆ ಎರಡು ಮಿಲಿಮೀಟರಿನ ಕೊರತೆ ಗೊತ್ತಾಗುವುದಿಲ್ಲ.

ಹುಡಿ ಹೇಳುವ ಮಾತು

ಯಂತ್ರ ಹೇಗೆ ನಡೆಯುತ್ತಿದೆ ಎಂಬುದನ್ನು ಕೆಳಗೆ ಬೀಳುವ ಚೂರುಗಳೇ ಹೇಳುತ್ತವೆ. ಸಣ್ಣ ಸಣ್ಣ ಸುರುಳಿಗಳಾಗಿ, ಬೆಳ್ಳಗೆ, ಬೆಚ್ಚಗೆ ಬೀಳುತ್ತಿದ್ದರೆ ಎಲ್ಲವೂ ಕ್ಷೇಮ. ಹಿಟ್ಟಿನಂತೆ ನುಣ್ಣಗೆ ಬಿದ್ದರೆ ಹಲ್ಲು ಕಚ್ಚುತ್ತಿಲ್ಲ, ಸವರುತ್ತಿದೆ; ಭಾರ ಸಾಲದು, ಇಲ್ಲವೆ ಅಲಗು ಮೊಂಡಾಗಿದೆ. ನೀಲಿಗಟ್ಟಿ ದಪ್ಪನಾಗಿ ಬಿದ್ದರೆ ಭಾರ ಅತಿಯಾಯಿತು. ಚೌಕಟ್ಟಿನ ಭಾರವನ್ನು ಹಿಡಿದೆಳೆಯುವ ಒಂದು ಸ್ಪ್ರಿಂಗು ಇದೆ. ಅದರ ತಿರುಪನ್ನು ಬಿಗಿದು ಸಡಿಲಿಸಿ ಹಲ್ಲಿನ ಮೇಲಿನ ಒತ್ತಡವನ್ನು ಹದಕ್ಕೆ ತರಬೇಕು. ಹೊಸ ಅಲಗನ್ನು ಮೊದಲ ಕೆಲವು ಕೊಯ್ತಗಳಲ್ಲಿ ಹಗುರ ಭಾರದಿಂದ ಪಳಗಿಸಬೇಕು. ಹಳೆಯ ಅಲಗು ಬಿಟ್ಟ ಸೀಳಿನಲ್ಲಿ ಹೊಸ ಅಲಗನ್ನು ಇಳಿಸಬಾರದು. ಸವೆದ ಹಲ್ಲಿನ ಸೀಳು ಕಿರಿದು, ಹೊಸದು ಅದರಲ್ಲಿ ಬಿಗಿದು ಕೆಡುತ್ತದೆ. ತುಂಡನ್ನು ತಿರುಗಿಸಿ ಬೇರೆಡೆಯಿಂದ ಆರಂಭಿಸುವುದೇ ಮೇಲು. ಎರಕದ ಕಬ್ಬಿಣವನ್ನು ಒಣಗಿರುವಂತೆಯೇ ಕೊಯ್ಯಬೇಕು. ಅಲ್ಯೂಮಿನಿಯಂ ಹಲ್ಲಿಗೆ ಅಂಟಿಕೊಳ್ಳುವ ಜಾತಿ, ಅದಕ್ಕೆ ಸೀಮೆಎಣ್ಣೆಯ ನಾಲ್ಕು ಹನಿ ಬೇಕು.

ಕೊಯ್ತ ಮುಗಿದೊಡನೆ ಇಳಿದ ಚೌಕಟ್ಟು ಸ್ವಿಚ್ಚನ್ನು ತಾನೇ ಒತ್ತಿ ಯಂತ್ರವನ್ನು ನಿಲ್ಲಿಸುತ್ತದೆ. ಇದು ದೊಡ್ಡ ಅನುಕೂಲ. ಅದು ಒಂದನ್ನು ಕೊಯ್ಯುತ್ತಿರುವಾಗ ನಾನು ಪಕ್ಕದಲ್ಲಿ ಹಿಂದಿನ ತುಂಡಿನ ಅಂಚನ್ನು ಅರದಿಂದ ಒಪ್ಪಮಾಡುತ್ತಿರುತ್ತೇನೆ. ಪಕ್ಕದಲ್ಲಿ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಮೆಲ್ಲಗೆ ನಡೆಯುತ್ತದೆಂಬ ಕಾರಣಕ್ಕೆ ಈ ಯಂತ್ರವನ್ನು ಸಾಧುವೆಂದು ತಿಳಿಯಬಾರದು. ಉಕ್ಕನ್ನು ಕೊಯ್ಯುವುದು ಬೆರಳನ್ನೂ ಕೊಯ್ಯುತ್ತದೆ. ಓಡುವ ಅಲಗಿನ ಬಳಿ ಕೈಗವುಸು ಕೂಡದು: ಅದು ರಕ್ಷಿಸುವುದಿಲ್ಲ, ಕೈಯನ್ನು ಒಳಗೆಳೆಯುತ್ತದೆ. ಪಂಚೆಯ ಚುಂಗಿಗೂ ಸೀರೆಯ ಸೆರಗಿಗೂ ಇದೇ ಮಾತು. ತೀರ ಗಿಡ್ಡ ತುಂಡನ್ನು ವೈಸಿನ ಒಂದು ಕೊನೆಯಲ್ಲಿ ಹಿಡಿಯಬೇಕಾದರೆ ಇನ್ನೊಂದು ಕೊನೆಯಲ್ಲಿ ಅಷ್ಟೇ ದಪ್ಪದ ಮತ್ತೊಂದು ತುಂಡನ್ನು ಇಡಬೇಕು. ಇಲ್ಲವಾದರೆ ದವಡೆ ಓರೆಯಾಗಿ ಹಿಡಿತ ತಪ್ಪುತ್ತದೆ. ಉದ್ದ ಸಲಾಕೆಯ ಹೊರತುದಿಗೆ ಊರೆ ಕೊಡಬೇಕು. ಅಲಗನ್ನು ಬದಲಿಸುವ ಮುನ್ನ ತಂತಿಯನ್ನು ಗೋಡೆಯಿಂದ ಕಿತ್ತಿಡಬೇಕು. ನನ್ನ ಕಾರ್ಯಾಗಾರಕ್ಕೆ ಬರುವ ಹುಡುಗರಿಗೆ ಕೊಯ್ಯುವುದನ್ನು ಹೇಳಿಕೊಡುವ ಮೊದಲು ಇಷ್ಟನ್ನೂ ಬಾಯಿಪಾಠ ಮಾಡಿಸುತ್ತೇನೆ. ಬಾಯಿಪಾಠವನ್ನು ಈ ಕಾಲದಲ್ಲಿ ಹೀನೈಸುವುದು ವಾಡಿಕೆ; ಹತ್ತು ಬೆರಳಿನ ಲೆಕ್ಕ ತಪ್ಪಬಾರದೆನ್ನುವ ಕಡೆ ಅದಕ್ಕಿನ್ನೂ ಬೆಲೆಯಿದೆ.

ಅಗ್ಗದ ಬೆಲೆ

ಅಗ್ಗದ ವಸ್ತುವಿಗೆ ಎಲ್ಲಿಯೂ ಖರ್ಚು ಮಾಡಬಾರದೆಂದಲ್ಲ. ಒಂದು ಕಡೆ ಮಾಡಲೇಬೇಕು: ಅಲಗಿನಲ್ಲಿ. ಯಂತ್ರದೊಡನೆ ಬಂದ ಅಲಗನ್ನು ಕಳಚಿಟ್ಟು ಎರಡು ಲೋಹದ ಅಲಗನ್ನು ಹಾಕಿದೆ. ಅದರ ಬೆನ್ನು ಬಾಗಿ ಬಳುಕುವ ಸ್ಪ್ರಿಂಗ್ ಉಕ್ಕು. ಹಲ್ಲಿನ ಅಂಚು ಬಿಸಿಗೆ ಬಗ್ಗದ ಕಠಿಣವಾದ ಉಕ್ಕು. ಇವೆರಡನ್ನೂ ಎಲೆಕ್ಟ್ರಾನುಗಳ ಕಿರಣದಿಂದ ಬೆಸೆದಿರುತ್ತಾರೆ. ಒಂದೇ ಲೋಹದಲ್ಲಿ ಬಳುಕೂ ಕಾಠಿಣ್ಯವೂ ಕೂಡಿರುವುದು ಕಷ್ಟ; ಕಠಿಣವಾದದ್ದು ಸಿಡಿಯುತ್ತದೆ, ಬಳುಕುವುದು ಸವೆಯುತ್ತದೆ. ಬೆಂಗಳೂರಿನಲ್ಲಿ ಇಂಥ ಅಲಗನ್ನು ಸುರುಳಿಯಿಂದ ಬೇಕಾದ ಉದ್ದಕ್ಕೆ ಕತ್ತರಿಸಿ ಬೆಸೆದು ಕೊಡುವವರಿದ್ದಾರೆ. ಎರಡು ಕೊನೆಗಳನ್ನು ಎದುರೆದುರು ಹಿಡಿದು ವಿದ್ಯುತ್ತು ಹಾಯಿಸಿದರೆ ಅವು ಕೆಂಪಾಗಿ ಕೂಡಿಕೊಳ್ಳುತ್ತವೆ. ಆದರೆ ಆ ಬೆಸುಗೆ ಗಾಜಿನಂತೆ ಪೆಡಸು. ಮತ್ತೊಮ್ಮೆ ಹದವಾಗಿ ಕಾಯಿಸಿ, ಮೆಲ್ಲಗೆ ಆರಲು ಬಿಟ್ಟು, ಉಬ್ಬನ್ನು ತೀಡಿ ಕೊಡುತ್ತಾರೆ. ನ್ಯೂಬೆರಿಗೆ ದಕ್ಕದೆ ಹೋದದ್ದು ಈಗ ಸಂದಿಯ ಅಂಗಡಿಯೊಂದರಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಆಗುತ್ತದೆ. ಬೆಸೆಯುವಾತ ಕ್ರೇಪಾನಳ ಹೆಸರನ್ನು ಕೇಳಿಲ್ಲ. ಆದರೆ ಅವಳ ಕಸುಬಿನ ವಾರಸುದಾರ ಅವನೇ.

ಇನ್ನು ಕೊನೆಯ ಮಾತು. ಈ ನಗರದಲ್ಲಿ ಒಳ್ಳೆಯ ಯಂತ್ರಗಳ ಪರಂಪರೆಯೊಂದಿದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದ ಹಳೆಯ ಲೇತುಗಳು ಇಂದಿಗೂ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುತ್ತಿರುವುದನ್ನು ನೋಡಬಹುದು. ಅವುಗಳ ಹಾಸುಗಲ್ಲಿನಂಥ ಮೈಯನ್ನು ಸವರಿದವನಿಗೆ ನನ್ನ ಗರಗಸ ಆಟಿಕೆಯಂತೆ ಕಂಡೀತು. ಗೆಳೆಯರೊಬ್ಬರು ಇದನ್ನು ನೋಡಿ, "ಇಂಥವನ್ನು ಕೊಂಡು ಕೊಂಡೇ ಒಳ್ಳೆಯವನ್ನು ಮಾಡುವವರು ಇಲ್ಲವಾದರು" ಎಂದರು. ಆ ಮಾತಿನಲ್ಲಿ ನಿಜವಿದೆ. ಆದರೆ ಜೀವಮಾನಕ್ಕೆ ಬಾಳುವ ಯಂತ್ರಗಳು ಕಾರ್ಖಾನೆಗಳಿಗಾಗಿ ಹುಟ್ಟಿದುವೇ ಹೊರತು ಹಿತ್ತಿಲ ಸೌದೆಮನೆಗಾಗಿ ಅಲ್ಲ. ಅಗ್ಗದ ಗರಗಸ ಇಲ್ಲದಿದ್ದರೆ ನನ್ನಂಥವರ ಪಾಲಿಗೆ ಒಳ್ಳೆಯ ಗರಗಸವಿರುತ್ತಿರಲಿಲ್ಲ, ಗರಗಸವೇ ಇರುತ್ತಿರಲಿಲ್ಲ. ಆ ಶಾಲೆಗಳಿಗೆ ಸ್ಟ್ಯಾಂಡುಗಳೂ ಇರುತ್ತಿರಲಿಲ್ಲ.

ಹಾಗೆಂದು ಅಗ್ಗವೆಂಬುದು ಆಕಾಶದಿಂದ ಉದುರಿದ್ದಲ್ಲ. ಎರಕದ ಅಂಚಿನಲ್ಲಿದ್ದ ಒರಟನ್ನು ತೀಡಲು ನನಗೆ ಹಿಡಿದದ್ದು ಹತ್ತು ನಿಮಿಷ. ಅದನ್ನು ಎರಕಹೊಯ್ದ ದೂರದ ಕಾರ್ಖಾನೆಯ ಕೆಲಸಗಾರನಿಗೆ, ನನಗಿಂತ ಪಳಗಿದ ಕೈಯವನಿಗೆ, ಐದು ನಿಮಿಷ ಸಾಕಿತ್ತು. ಅವನಿಗೆ ತಿಳಿಯದ ಕೆಲಸವೇನೂ ಅದಲ್ಲ. ಆ ಐದು ನಿಮಿಷವನ್ನು ಅವನಿಗೆ ಯಾರೂ ಕೊಡಲಿಲ್ಲ. ಗೇರಿನ ಪೆಟ್ಟಿಗೆಯನ್ನು ತೊಳೆಯಲು ಬೇಕಾದ ಹೊತ್ತನ್ನೂ ಕೊಡಲಿಲ್ಲ. ಹೀಗೆ ಅವನ ಕೈಯಿಂದ ಕಳೆದ ನಿಮಿಷಗಳನ್ನೆಲ್ಲ ಕೂಡಿಸಿದರೆ ಬರುವುದೇ ಈ ಯಂತ್ರದ ಅಗ್ಗ. ಕಳೆದದ್ದು ಎಲ್ಲಿಯೂ ಹೋಗುವುದಿಲ್ಲ. ಯಾರಾದರೂ ಒಬ್ಬರು ಅದನ್ನು ತುಂಬಿಕೊಡಬೇಕು. ನಿವೃತ್ತನಾದ ನನ್ನಲ್ಲಿ ಹಣಕ್ಕಿಂತ ಹೊತ್ತು ಹೆಚ್ಚಿದೆ; ತುಂಬಿಕೊಟ್ಟೆ. ಹೊತ್ತೂ ಇಲ್ಲದ, ಹಣವೂ ಇಲ್ಲದ ಸಣ್ಣ ಕಸುಬುದಾರ ಇದೇ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದ ಹಾಗೆಯೇ ನಡೆಸುತ್ತಾನೆ, ಕೆಲವು ವೇಳೆ ಬೆರಳು ಕೊಟ್ಟು ತುಂಬುತ್ತಾನೆ. ಅಗ್ಗದ ವಸ್ತುವನ್ನು ಕೊಳ್ಳಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಕೊಂಡ ಮೇಲೆ, ಬಿಟ್ಟುಹೋದ ಕೆಲಸ ಯಾವುದು, ಅದನ್ನು ಯಾರು ಪೂರೈಸಬೇಕು ಎಂಬುದನ್ನು ಕೇಳಿಕೊಳ್ಳಿ ಎಂದು ಹೇಳಬಲ್ಲೆ.

ಹೋದ ವರ್ಷ ಎರಡು ಶಾಲೆಗಳಿಗೆ ಇಪ್ಪತ್ತನಾಲ್ಕು ಸ್ಟ್ಯಾಂಡುಗಳು ಹೋದುವು. ಕಳುಹಿಸುವ ಮುನ್ನ ಒಂದೊಂದರ ಸಲಾಕೆಗೂ ಮೂಲೆಮಟ್ಟ ಹಿಡಿದು ನೋಡಿದೆ. ನಡುವೆ ಬೆಳಕು ಕಾಣದವನ್ನು ಕಟ್ಟಿಟ್ಟೆ, ಕಂಡ ಎರಡನ್ನು ಮತ್ತೆ ವೈಸಿಗೆ ಹಿಡಿದೆ. ಇಷ್ಟೆಲ್ಲ ಯಾಕೆ ಎಂದು ಪಕ್ಕದಲ್ಲಿದ್ದ ಹುಡುಗ ಕೇಳಿದ. ಹಳ್ಳಿಯ ಶಾಲೆಗೆ ಎಂಬ ಕಾರಣಕ್ಕೆ ಓರೆಯಾದದ್ದು ನಡೆದೀತು ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ, ನಾವೂ ಆ ಲೆಕ್ಕಕ್ಕೆ ಸೇರುವುದು ಬೇಡ ಎಂದೆ. ಅವನು ಅರವನ್ನು ಕೈಗೆ ತೆಗೆದುಕೊಂಡ.